19 ವರ್ಷ ಸಂಬಳವಿಲ್ಲದೆ ದುಡಿದವಳ ರಿವ್ಯೂ: 5ಕ್ಕೆ 4 ಸ್ಟಾರ್

ಒಂದು ಸಲ ಹೋಗಿ ಬಂದು ರಿವ್ಯೂ ಬರೆಯುವವರಿದ್ದಾರೆ. ನಾನು 19 ವರ್ಷ ಒಳಗೇ ಇದ್ದು ಈಗ ಬರೆಯುತ್ತಿದ್ದೇನೆ. ವಿಜ್ಞಾನ ಓದುವವರಿಗೆ ಸ್ಕಾಲರ್‌ಶಿಪ್ ಕೊಡುವ ಒಂದು ಟ್ರಸ್ಟ್ ಅದು. ಬೈಯುವುದೂ ಸ್ವಲ್ಪ ಇದೆ, ಹಾಗಾಗಿ ಹೆಸರು ಬೇಡ. ನನ್ನ ಹೊಟ್ಟೆಪಾಡು ಮಾಲಿಕ್ಯುಲರ್ ಬಯಾಲಜಿ. ಟ್ರಸ್ಟ್‌ನಲ್ಲಿ ಅರ್ಜಿ ಓದುತ್ತೇನೆ, ಇಂಟರ್‌ವ್ಯೂಗೆ ಕೂರುತ್ತೇನೆ.

ವರ್ಷಕ್ಕೆ 60 ಅರ್ಜಿ ನನ್ನ ಪಾಲಿಗೆ ಬರುತ್ತವೆ. ಒಂದು ರಾತ್ರಿಗೆ ಐದಕ್ಕಿಂತ ಜಾಸ್ತಿ ಮುಟ್ಟುವುದಿಲ್ಲ. ಆರನೆಯದಕ್ಕೆ ಬರುವಷ್ಟರಲ್ಲಿ ನಾನು ಜಿಪುಣಿ ಆಗಿರುತ್ತೇನೆ, ಕೈಯಿಂದ ಅಂಕವೇ ಬಿಡುವುದಿಲ್ಲ. ಇದು ಗೊತ್ತಾಗಲು ನನಗೆ ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷದ ಆರನೇ ಅರ್ಜಿಯವರಿಗೆ ಸಾರಿ.

ಇಷ್ಟು ವರ್ಷ ಯಾಕೆ ಬಿಡಲಿಲ್ಲ ಅಂದರೆ, ಅರ್ಜಿಯ ಮೂರನೇ ಪುಟದ ಒಂದು ಪ್ರಶ್ನೆಗಾಗಿ. 'ನೀವು ಮಾಡಿದ, ಕೆಟ್ಟುಹೋದ ಒಂದು ಪ್ರಯೋಗದ ಬಗ್ಗೆ ಬರೆಯಿರಿ.' ಅಷ್ಟೇ. ಮಾರ್ಕ್ಸ್ ಕಾರ್ಡ್ ಎಲ್ಲರದ್ದೂ ಹೊಳೆಯುತ್ತಿರುತ್ತದೆ. 'ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಪ್ರಾಣ' ಅಂತ ಎಲ್ಲರೂ ಬರೆಯುತ್ತಾರೆ. ಈ ಮೂರನೇ ಪುಟದಲ್ಲಿ ಮಾತ್ರ ಮನುಷ್ಯರು ಸಿಗುತ್ತಾರೆ.

ಒಬ್ಬ ಹುಡುಗಿ ಬರೆದಿದ್ದಳು: ಡಿಎನ್‌ಎ ಜೆಲ್ ಓಡಿಸುವಾಗ ವೈರ್ ಅದಲುಬದಲು ಮಾಡಿಬಿಟ್ಟೆ ಅಂತ. ಜೆಲ್ ಅಂದರೆ ಜೆಲ್ಲಿಯಂಥ ಹಾಳೆ; ಅದರ ಒಂದು ತುದಿಯಲ್ಲಿ ಡಿಎನ್‌ಎ ಹಾಕಿ, ಕರೆಂಟ್ ಹರಿಸಿ, ತುಣುಕುಗಳನ್ನು ಬೇರೆಬೇರೆ ಮಾಡುತ್ತೇವೆ. ಡಿಎನ್‌ಎಗೆ ನೆಗೆಟಿವ್ ಚಾರ್ಜ್, ಅದು ಪಾಸಿಟಿವ್ ಕಡೆಗೆ ಓಡುತ್ತದೆ. ವೈರ್ ಉಲ್ಟಾ ಆದರೆ ಜೆಲ್ ಒಳಗೆ ಹೋಗುವ ಬದಲು ಹಿಂದಕ್ಕೆ ಹೋಗಿ ಸುತ್ತಲಿನ ಉಪ್ಪುನೀರಿಗೆ (ಬಫರ್) ಬಿದ್ದು ಮಾಯ. ಲ್ಯಾಬಿನಲ್ಲಿ ಒಮ್ಮೆಯಾದರೂ ಹೀಗೆ ಮಾಡದವರು ಕಡಿಮೆ. ಇಂಟರ್‌ವ್ಯೂನಲ್ಲಿ ಕೇಳಿದೆ, 'ಈಗೇನು ಮಾಡ್ತೀಯಮ್ಮ, ವೈರಿನ ಬಣ್ಣ ನೋಡಿ ಹಾಕ್ತೀಯಾ?'

'ಬಣ್ಣ ಎಲ್ಲಾ ಸವೆದು ಹೋಗಿದೆ ಮೇಡಂ. ಗುಳ್ಳೆ ನೋಡ್ತೀನಿ. ಸ್ವಿಚ್ ಹಾಕಿದ ತಕ್ಷಣ ಎರಡೂ ತಂತೀಲಿ ಗುಳ್ಳೆ ಏಳುತ್ತಲ್ವಾ, ಸ್ಯಾಂಪಲ್ ಹಾಕಿದ ಕಡೆ ಜಾಸ್ತಿ ಇರಬೇಕು. ಇಲ್ಲಾಂದ್ರೆ ಉಲ್ಟಾ.'

ನಾನು ಪೆನ್ ಕೆಳಗಿಟ್ಟೆ. ನೀರು ಒಡೆದಾಗ ನೆಗೆಟಿವ್ ಕಡೆ ಹೈಡ್ರೋಜನ್, ಪಾಸಿಟಿವ್ ಕಡೆ ಆಕ್ಸಿಜನ್. ಹೈಡ್ರೋಜನ್ ಎರಡು ಪಾಲು, ಆಕ್ಸಿಜನ್ ಒಂದು ಪಾಲು. ಸ್ಯಾಂಪಲ್ ಹಾಕುವುದು ನೆಗೆಟಿವ್ ಕಡೆ, ಹಾಗಾಗಿ ಗುಳ್ಳೆ ಅಲ್ಲೇ ಜಾಸ್ತಿ. ಹೈಸ್ಕೂಲಿನ ಪಾಠ. ಎಷ್ಟೋ ವರ್ಷ ಆ ಗುಳ್ಳೆಗಳ ಮುಂದೆಯೇ ನಿಂತಿದ್ದೇನೆ, ಒಮ್ಮೆಯೂ ಎರಡು ಕಡೆಯನ್ನು ಹೋಲಿಸಿ ನೋಡಿರಲಿಲ್ಲ. ಅವಳಿಗೆ ಸ್ಕಾಲರ್‌ಶಿಪ್ ಸಿಕ್ಕಿತು ಅಂತ ಬೇರೆ ಹೇಳಬೇಕೇ?

ಇನ್ನೊಂದು ಒಳ್ಳೆಯ ವಿಷಯ, ಮೊದಲ ಸುತ್ತಿನಲ್ಲಿ ಅರ್ಜಿದಾರರ ಹೆಸರು ನಮಗೆ ಕಾಣುವುದಿಲ್ಲ. ಇದಕ್ಕಾಗಿ ಮೀಟಿಂಗ್‌ಗಳಲ್ಲಿ ಮೂರು ವರ್ಷ ಗಂಟಲು ಹರಿದುಕೊಂಡಿದ್ದೇನೆ. 'ನಾವೇನು ಪಕ್ಷಪಾತ ಮಾಡ್ತೀವಾ' ಅಂತ ಹಿರಿಯರಿಗೆ ಸಿಟ್ಟು. ಕೊನೆಗೆ ಹಬಲ್ ಟೆಲಿಸ್ಕೋಪಿನ ಲೆಕ್ಕ ಮುಂದಿಟ್ಟೆ. ಬಾಹ್ಯಾಕಾಶದಲ್ಲಿರುವ ಆ ಟೆಲಿಸ್ಕೋಪನ್ನು ಯಾವ ವಿಜ್ಞಾನಿಗಳಿಗೆ ಬಳಸಲು ಕೊಡಬೇಕು ಅಂತ ಆರಿಸುವಾಗ 2018ರಲ್ಲಿ ಪ್ರಸ್ತಾವ ಬರೆದವರ ಹೆಸರು ಮುಚ್ಚಿ ಓದಿದರು. ಹೆಂಗಸರ ಪ್ರಸ್ತಾವಗಳಲ್ಲಿ ಶೇ. 8.7 ಗೆದ್ದವು, ಗಂಡಸರದ್ದು ಶೇ. 8. ಅದಕ್ಕೂ ಮುಂಚೆ ವರ್ಷಾನುಗಟ್ಟಲೆ ಗಂಡಸರದ್ದೇ ಮೇಲುಗೈ. ಒಂದೇ ಸಲದ ಲೆಕ್ಕ, ವ್ಯತ್ಯಾಸವೂ ಚಿಕ್ಕದು. ಆದರೂ ಅದನ್ನು ನೋಡಿದ ಮೇಲೆ ಮೀಟಿಂಗ್ ತಣ್ಣಗಾಯಿತು.

ಈಗ ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅಂತ ಹೇಳುತ್ತೇನೆ. ಹಣ ತಡ. ಪ್ರತಿ ವರ್ಷ ತಡ. ತರಗತಿ ಶುರುವಾಗಿ ಮೂರು ನಾಲ್ಕು ತಿಂಗಳಾದ ಮೇಲೆ ಮೊದಲ ಕಂತು ಬರುತ್ತದೆ. ಅಷ್ಟರಲ್ಲಿ ಫೀಸ್ ಕಟ್ಟಲು ಸಾಲ ಆಗಿರುತ್ತದೆ. ಆಯ್ಕೆಯಾದ ಮೇಲೂ 'ಮೇಡಂ, ಯಾವಾಗ ಬರುತ್ತೆ?' ಅಂತ ನನಗೇ ಮೆಸೇಜ್. ಆಫೀಸಿನಲ್ಲಿ ಕೇಳಿದರೆ ಒಂದು ಸಹಿ ಬಾಕಿ ಅನ್ನುತ್ತಾರೆ. 19 ವರ್ಷದಿಂದ ಅದೇ ಒಂದು ಸಹಿ.

ಸಮಯಕ್ಕೆ ಬಂದ ದುಡ್ಡಿನ ಕಥೆ ಬೇಕಾದರೆ ಮೇರಿ ಕ್ಯೂರಿಯದ್ದಿದೆ. 1893ರಲ್ಲಿ ಪ್ಯಾರಿಸ್‌ನಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿದ್ದಳು. ಗಣಿತದ ಪದವಿಗೆ ಕೂರಬೇಕು, ಕೈಯಲ್ಲಿ ಕಾಸಿಲ್ಲ. ಆಗ 600 ರೂಬಲ್‌ಗಳ ಸ್ಕಾಲರ್‌ಶಿಪ್ ಬಂತು. ಮುಂದಿನ ವರ್ಷ ಗಣಿತವೂ ಮುಗಿಯಿತು. ಆಮೇಲೆ ಸ್ವಲ್ಪ ದುಡಿದಾಗ, ಯಾರೂ ಕೇಳದಿದ್ದರೂ, ಅಷ್ಟೂ ಹಣ ವಾಪಸ್ ಕೊಟ್ಟಳು. ಆ ವರ್ಷ ಯಾರಾದರೂ ಸಹಿ ಹಾಕದೆ ಕೂತಿದ್ದರೆ?

ವಿಜ್ಞಾನಿಗಳೇ, ಸೇರೋದಾದರೆ ಸೇರಿ. ಚಹಾ ಬಿಸ್ಕತ್ತು ಬಿಟ್ಟರೆ ಏನೂ ಸಿಗಲ್ಲ. ಹಣಕಾಸಿನ ಸಮಿತಿಗೆ ಯಾರಾದರೂ ಚುರುಕಿನವರು ಬಂದರೆ ಆ ಒಂದು ಸ್ಟಾರನ್ನೂ ವಾಪಸ್ ಕೊಡುತ್ತೇನೆ.

ಅಂದಹಾಗೆ, ಆ ಗುಳ್ಳೆಯ ಹುಡುಗಿ ಈಗ ಪಿಎಚ್‌ಡಿ ಮುಗಿಸಿ ನನ್ನ ಜೊತೆಯೇ ಅರ್ಜಿ ಓದುತ್ತಾಳೆ. ಕಳೆದ ವರ್ಷ ಒಂದು ಅರ್ಜಿಗೆ ನಾನು 8 ಕೊಟ್ಟಿದ್ದೆ, ಅವಳು 5. ಪಕ್ಕದಲ್ಲಿ ಬರೆದಿದ್ದಳು: 'ತಪ್ಪಾಯಿತು ಅಂತ ಇದೆ. ಹೇಗೆ ಗೊತ್ತಾಯಿತು ಅಂತ ಇಲ್ಲ.' ಮತ್ತೆ ತೆಗೆದು ಓದಿದೆ. ನಿಜ, ಇರಲಿಲ್ಲ. ನನ್ನದನ್ನು 6 ಮಾಡಿದೆ.