ಹಿಮ ನೋಡಲು ಹೊರಟವರು ಮೊದಲು ಚಷ್ಮಾ ಕೊಳ್ಳಿ

ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸ್ವೆಟರ್ ಕೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ. ಮನಾಲಿ ಕಡೆ ಹೊರಟವರು ದಪ್ಪ ಜಾಕೆಟ್‌ಗೆ ಸುಮ್ನೆ ದುಡ್ಡು ಸುರಿಯುತ್ತಾರೆ. ಅದು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಇಲ್ಲಿಂದ ಒಯ್ಯಬೇಕಾದ್ದು ಬಿಸಿಲಿಗೆ ಹಾಕುವ ಒಳ್ಳೆಯ ಕಪ್ಪು ಚಷ್ಮಾ. ನಾನು ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ 1,850 ರೂಪಾಯಿಗೆ ಕೊಂಡೆ.

“ಕಪ್ಪು ಇದ್ದಷ್ಟು ಚಲೋ ಅಂತ ತಿಳೀಬ್ಯಾಡ್ರಿ ಅಕ್ಕೋರೆ” ಎಂದರು ಅಂಗಡಿಯವರು. ಗಾಜು ಕಪ್ಪಗಿದ್ದರೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಯುವಿ, ಅಂದರೆ ಬಿಸಿಲಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ, ತಡೆಯುವ ಗುಣವಿಲ್ಲದ ಗಾಜಾದರೆ, ಆ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಪುಟ್ಟ ಮೆಷಿನ್‌ನಲ್ಲಿಟ್ಟು ತೋರಿಸಿದರು. ಮಗ ಫುಟ್‌ಪಾತ್‌ನಲ್ಲಿ ಕೊಂಡಿದ್ದ ಸ್ಟೈಲಿನ ಚಷ್ಮಾ ಫೇಲ್! ನನ್ನದು ಯುವಿ 400, ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುವಂಥದ್ದು. ಕಪ್ಪಿನ ಮಟ್ಟ ಕೆಟಗರಿ 3. ಅಂದರೆ 8ರಿಂದ 18 ಶೇಕಡಾ ಬೆಳಕನ್ನು ಮಾತ್ರ ಬಿಡುತ್ತದೆ. ಕೆಟಗರಿ 4 ಇನ್ನೂ ಕಪ್ಪು, ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು.

ಮನಾಲಿಯಿಂದ ಹಿಮ ನೋಡಲು ಹೋಗುವ ರೋಹ್ತಾಂಗ್ ಕಣಿವೆದಾರಿ 3,978 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದಂತೆಲ್ಲ ಯುವಿ ಸುಮಾರು 10 ಶೇಕಡಾ ಹೆಚ್ಚುತ್ತದೆ. ಅದರ ಮೇಲೆ ಹೊಸ ಹಿಮ ಯುವಿಯ 80 ಶೇಕಡಾದವರೆಗೂ ವಾಪಸ್ ಎರಚುತ್ತದೆ. ನಮ್ಮ ಎರೆ ಹೊಲದ ಮಣ್ಣು 10 ಶೇಕಡಾವನ್ನೂ ಎರಚುವುದಿಲ್ಲ. ಊರಲ್ಲಿ ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದರೆ ಸಾಕು, ಅಲ್ಲಿ ಬೆಳಕು ಕೆಳಗಿನಿಂದಲೂ ಬರುತ್ತದೆ. ಅದಕ್ಕೇ ಪಕ್ಕಕ್ಕೂ ಮುಚ್ಚಿಗೆ ಇರುವ ಚಷ್ಮಾ ಬೇಕು. ನಮ್ಮ ಬಸ್ಸಿನಲ್ಲಿದ್ದ ಹುಡುಗನೊಬ್ಬ ಸೆಲ್ಫಿಗೆಂದು ಚಷ್ಮಾ ತೆಗೆದೇ ಓಡಾಡಿದ. ಆಗ ಏನೂ ಆಗಲಿಲ್ಲ. ರಾತ್ರಿ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿ, ನೀರು. ಈ ನೋವು ಕೆಲವು ತಾಸು ಬಿಟ್ಟು ಬರುತ್ತದೆ, ಅದೇ ಮೋಸ.

ಅಂದಹಾಗೆ, ರಸ್ತೆ ಪಕ್ಕದ ಹಿಮ ಬಹುತೇಕ ಮಳೆಗಾಲದೊಳಗೆ ಕರಗುತ್ತದೆ. ವರ್ಷವಿಡೀ ಉಳಿಯುವ ಹಿಮದ ಬಯಲು ಇನ್ನೂ ಮೇಲಿದೆ. ಬೇಸಿಗೆ ದಾಟಿ ಉಳಿದ ಹಿಮ ಕಾಳುಕಾಳಾಗಿ, ವರ್ಷದ ಮೇಲೆ ವರ್ಷ ಒತ್ತಿಕೊಂಡು ಮಂಜುಗಡ್ಡೆಯಾಗುತ್ತದೆ. ಧೂಳು ಕೂತ ಹಳೆ ಹಿಮ ಅಷ್ಟು ಹೊಳೆಯುವುದಿಲ್ಲ. ಹಾಗಂತ ಚಷ್ಮಾ ತೆಗೆಯಬೇಡಿ.

ತಕರಾರೂ ಇದೆ. ಮಫ್ಲರನ್ನು ಮೂಗಿನ ಮೇಲೆ ಎಳೆದರೆ ಗಾಜಿಗೆ ಉಸಿರಿನ ಮಂಜು ಕಟ್ಟುತ್ತದೆ. ಕಿವಿಯ ಹಿಂದೆ ಒತ್ತುತ್ತದೆ. ಗಟ್ಟಿ ಡಬ್ಬಿ ಕೊಡಲಿಲ್ಲ, ಬಟ್ಟೆ ಚೀಲ ಕೊಟ್ಟು ಕಳಿಸಿದರು. ಆ ಬೆಲೆಗೆ ಕೊಡಬಹುದಿತ್ತು, ಅಲ್ವಾ?

ನಂಬರ್ ಇರುವವರಿಗೂ ಆ ಅಂಗಡಿಯಲ್ಲಿ ಮಾಡಿಕೊಡುತ್ತಾರೆ, ಆದರೆ ಗಾಜು ಬರಲು ವಾರ ಹಿಡಿಯುತ್ತದಂತೆ. ಟಿಕೆಟ್ ಬುಕ್ ಆದ ದಿನವೇ ಹೋಗಿ ಆರ್ಡರ್ ಕೊಡಿ.