ಏರ್‌ಫ್ಲೋ ಸೆನ್ಸರ್: ಜಾಲರಿ ತೆಗೆಯೋದಾ, ದೊಡ್ಡ ಹೌಸಿಂಗ್ ಹಾಕೋದಾ, ಇದ್ದದ್ದನ್ನೇ ಬಿಡೋದಾ?

ಪೆಟ್ರೋಲ್ ಟ್ರಕ್‌ಗೆ ಜಾಸ್ತಿ ಪವರ್ ಬೇಕು ಅನ್ನುವವರು ಮೊದಲು ಕೈ ಹಾಕುವುದು ಗಾಳಿ ಒಳಗೆ ಹೋಗುವ ದಾರಿಗೆ. ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಕೂತಿರುವುದೂ ಅಲ್ಲೇ. ಅದರ ಜಾಲರಿ ಗಾಳಿಗೆ ಅಡ್ಡ, ಅದು ಕೂತಿರುವ ಕೊಳವೆ, ಅಂದರೆ ಹೌಸಿಂಗ್, ಸಣ್ಣದು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನನ್ನ ಟ್ರಕ್‌ನಲ್ಲಿ ಇವನ್ನು ಒಂದೊಂದಾಗಿ ಬದಲಿಸಿ, ಸ್ಕ್ಯಾನರ್ ಮತ್ತು ವೈಡ್‌ಬ್ಯಾಂಡ್ ಮೀಟರ್ (ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ಮೀಟರ್) ಹಾಕಿ ನೋಡಿದ್ದೇನೆ. ಡೀಸೆಲ್ ಗಾಡಿಯ ಲೆಕ್ಕ ಬೇರೆ. ಅಲ್ಲಿ ಈ ಸೆನ್ಸರ್ ಮುಖ್ಯವಾಗಿ ಇಜಿಆರ್ ವಾಲ್ವ್ (ಸುಟ್ಟ ಗಾಳಿಯ ಒಂದಷ್ಟನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ಹಿಡಿತಕ್ಕೆ ಮತ್ತು ಹೊಗೆ ತಡೆಯುವುದಕ್ಕೆ.

ಸೆನ್ಸರ್ ಒಳಗೆ ಒಂದು ಬಿಸಿ ತಂತಿ ಇದೆ. ಗಾಳಿ ಜಾಸ್ತಿ ಹರಿದಷ್ಟೂ ತಂತಿ ತಣ್ಣಗಾಗುತ್ತದೆ, ಅದನ್ನು ಬಿಸಿಯಾಗಿಯೇ ಇಡಲು ಜಾಸ್ತಿ ಕರೆಂಟ್ ಬೇಕು. ಆ ಕರೆಂಟ್ ನೋಡಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಗಾಳಿಯ ತೂಕ ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಎಥನಾಲ್ ಬೆರೆಸದ ಪೆಟ್ರೋಲ್ ಆದರೆ, ಮಾಮೂಲಿ ಓಟದಲ್ಲಿ ತೂಕದ ಲೆಕ್ಕಕ್ಕೆ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್. ಆದರೆ ತಂತಿಗೆ ಸೋಕುವುದು ಗಾಳಿಯ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದನ್ನು ಇಸಿಯು ಆ ಹೌಸಿಂಗ್‌ನ ಅಳತೆಗೆಂದೇ ಬರೆದ ಟೇಬಲ್‌ನಿಂದ ಅಂದಾಜು ಮಾಡುತ್ತದೆ. ಹೌಸಿಂಗ್ ಬದಲಿಸಿ ಟೇಬಲ್ ಹಾಗೇ ಬಿಟ್ಟರೆ, ತಕ್ಕಡಿಗೆ ಸುಳ್ಳು ತೂಕದ ಕಲ್ಲು ಹಾಕಿದ ಹಾಗೆ.

ಜಾಲರಿ ತೆಗೆದಾಗ ಪವರ್‌ನಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಐಡ್ಲಿಂಗ್‌ನಲ್ಲಿ. ಗ್ರಾಫ್‌ನಲ್ಲಿ ನೆಟ್ಟಗಿದ್ದ ಗೆರೆ ನಡುಗತೊಡಗಿತು, ಆರ್‌ಪಿಎಂ ಏರಿಳಿಯಿತು. ಫಿಲ್ಟರ್ ದಾಟಿ ಬಾಗಿದ ಪೈಪಿನಿಂದ ಸುತ್ತಿಕೊಂಡು ಬರುವ ಗಾಳಿಯನ್ನು ನೇರ ಮಾಡುವುದೇ ಜಾಲರಿಯ ಕೆಲಸ. ಅದಿಲ್ಲದಿದ್ದರೆ ತಂತಿಗೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಗಾಳಿ ಬಡಿಯುತ್ತದೆ. ಗಾಳಿ ಸೆನ್ಸರ್ ತಲುಪುವ ಮುನ್ನ ಉದ್ದನೆಯ ನೇರ ಪೈಪ್ ಇರುವ ಗಾಡಿಯಲ್ಲಿ ಇದು ಅಷ್ಟಾಗಿ ಕಾಡದೇ ಇರಬಹುದು. ಆದರೂ ಲಾಭವೇ ಇಲ್ಲದ ಕೆಲಸ ಯಾಕೆ ಬೇಕು, ಅಲ್ವಾ?

ದೊಡ್ಡ ಹೌಸಿಂಗ್ ವಿಷಯವನ್ನು ಮಾತ್ರ ಸ್ವಲ್ಪ ಕೂತು ನೋಡಬೇಕು. 75 ಮಿ.ಮೀ. ಬದಲು 80 ಮಿ.ಮೀ. ಹೌಸಿಂಗ್, ಸೆನ್ಸರ್ ಅದೇ ಹಳೆಯದು. ಕೊಳವೆಯ ಅಗಲ 5 ಮಿ.ಮೀ. ಹೆಚ್ಚಾದರೂ ಒಳಗಿನ ಜಾಗ ಸುಮಾರು ಶೇ. 14ರಷ್ಟು ಹೆಚ್ಚುತ್ತದೆ. ಅಷ್ಟೇ ಗಾಳಿ ಈಗ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಗಾಳಿ ಕಡಿಮೆ ಎನ್ನುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆರಾಮಾಗಿ ಓಡಿಸುವಾಗ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಹಿಡಿಯುತ್ತದೆ, ಫ್ಯೂಯಲ್ ಟ್ರಿಮ್ (ಇಸಿಯು ಕಲಿತು ಪೆಟ್ರೋಲ್‌ಗೆ ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ) ನಿಧಾನಕ್ಕೆ ಏರುತ್ತದೆ. ನನ್ನ ಸ್ಕ್ಯಾನರ್‌ನಲ್ಲೂ ಅದು ಆ ಶೇ. 14ರ ಹತ್ತಿರವೇ ಹೋಗಿ ನಿಂತಿತು. ಇನ್ನೂ ದೊಡ್ಡ ಹೌಸಿಂಗ್ ಹಾಕಿದ್ದರೆ ಟ್ರಿಮ್ ತನ್ನ ಮಿತಿ ಮುಟ್ಟಿ, P0171 (ಮಿಶ್ರಣ ಲೀನ್ ಎನ್ನುವ) ಕೋಡ್‌ನೊಂದಿಗೆ ಎಂಜಿನ್ ಲೈಟ್ ಬರುತ್ತಿತ್ತು.

ನಿಜವಾದ ಅಪಾಯ ಇರುವುದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಆಗ ಇಸಿಯು ಮಾಮೂಲಿ ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ. 1 ಪಾಲು ಪೆಟ್ರೋಲ್‌ಗೆ 12.5 ಪಾಲು ಗಾಳಿ ಬೇಕಾದ ಕಡೆ, ಕಲಿತ ಟ್ರಿಮ್‌ನ ತಿದ್ದುಪಡಿ ಇಲ್ಲದಿದ್ದರೆ ಗಾಳಿ 14.2ರ ಹತ್ತಿರ ಹೋಗುತ್ತದೆ. ಸಾಲದ್ದಕ್ಕೆ, ಎಂಜಿನ್ ಮೇಲೆ ಭಾರ ಕಡಿಮೆ ಇದೆ ಎಂದುಕೊಂಡು ಇಸಿಯು ಸ್ಪಾರ್ಕ್ ಟೈಮಿಂಗನ್ನೂ ಬದಲಿಸಿ, ಸ್ಪಾರ್ಕ್ ಇನ್ನಷ್ಟು ಬೇಗ ಹೊಡೆಸುತ್ತದೆ. ಲೀನ್ ಮಿಶ್ರಣ, ಬೇಗ ಹೊಡೆದ ಸ್ಪಾರ್ಕ್, ಹಿಂದೆ ಭಾರದ ಲೋಡ್: ನಾಕಿಂಗ್‌ಗೆ (ಸಿಲಿಂಡರ್‌ನಲ್ಲಿ ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಕೆಡಿಸುವುದಕ್ಕೆ) ಇನ್ನೇನು ಬೇಕು? ಹಾಕಿದ ತಕ್ಷಣ ಟ್ರಕ್ ಚುರುಕಾಯಿತು ಎಂದು ಹಲವರಿಗೆ ಅನ್ನಿಸುವುದೂ ಈ ಟೈಮಿಂಗ್‌ನಿಂದಲೇ. ಅದನ್ನು ನಂಬಿ ಭಾರ ಎಳೆಯಬೇಡಿ.

ಗಾಳಿ ತಣ್ಣಗಿದೆ ಎಂದು ಇಸಿಯುವನ್ನು ನಂಬಿಸಲು ಗಾಳಿಯ ಬಿಸಿ ಅಳೆಯುವ ಸೆನ್ಸರ್‌ಗೆ ರೆಸಿಸ್ಟರ್ ಹಾಕುವ ಉಪಾಯಕ್ಕೆ ಒಂದೇ ಮಾತು ಸಾಕು. ಬಿಸಿ ತಂತಿ ನೇರವಾಗಿ ತೂಕವನ್ನೇ ಅಳೆಯುವುದರಿಂದ ಮಿಶ್ರಣ ಹೆಚ್ಚೇನೂ ಬದಲಾಗುವುದಿಲ್ಲ, ಕೆಡುವುದು ಟೈಮಿಂಗ್.

ನನ್ನ ಆಯ್ಕೆ ಹಳೆಯ ಹೌಸಿಂಗ್, ಜಾಲರಿ ಸಮೇತ, ತಂತಿ ಕ್ಲೀನ್ ಮಾಡಿ. ಎಣ್ಣೆ ಹಚ್ಚುವ ಫಿಲ್ಟರ್ ಇದ್ದರಂತೂ ತಂತಿಗೆ ಎಣ್ಣೆ ಹತ್ತಿ, ಅದರ ಮೇಲೆ ಧೂಳು ಕೂತು, ಜೋರು ಗಾಳಿಯಲ್ಲಿ ಸೆನ್ಸರ್ ಕಡಿಮೆ ತೋರಿಸಬಹುದು. ಈ ಸೆನ್ಸರ್‌ಗೆಂದೇ ಬರುವ ಸ್ಪ್ರೇ ಹೊಡೆಯಿರಿ, ಪೂರ್ತಿ ಒಣಗಲು ಬಿಡಿ, ತಂತಿಯನ್ನು ಬಟ್ಟೆಯಲ್ಲಿ ಒರೆಸಬೇಡಿ. ನನ್ನ ಟ್ರಕ್‌ನಲ್ಲಿ ಬೇರೆ ಯಾವ ಬದಲಾವಣೆಗಿಂತಲೂ ಹೆಚ್ಚು ಉಪಯೋಗವಾದದ್ದು ಇದೇ. ಐಡ್ಲಿಂಗ್ ಸಮ ಆಯಿತು, ಟ್ರಿಮ್ ಸೊನ್ನೆಯ ಹತ್ತಿರ ಬಂತು.

ಬೇರೆ ಕ್ಯಾಮ್ (ಎಂಜಿನ್ ವಾಲ್ವ್ ತೆರೆಯುವ ಶಾಫ್ಟ್), ಟರ್ಬೊ ಹಾಕಿ ಎಂಜಿನ್ ನಿಜವಾಗಿಯೂ ಜಾಸ್ತಿ ಗಾಳಿ ಎಳೆಯುತ್ತಿದ್ದರೆ, ಹಳೆಯ ಸೆನ್ಸರ್‌ನ ಅಳತೆಯೇ ತುದಿ ಮುಟ್ಟುತ್ತದೆ. ಆಗ ದೊಡ್ಡ ಹೌಸಿಂಗ್ ಬೇಕು, ಜೊತೆಗೆ ಇಸಿಯು ಟೇಬಲ್ ಹೊಸದಾಗಿ ಬರೆಸಲೇಬೇಕು. ಟೇಬಲ್ ಬರೆಸದೆ ಓಡಿಸುತ್ತಿರುವವರು ಬ್ಯಾಟರಿ ಕಳಚುವ ಮುನ್ನ ಇದನ್ನು ನೆನಪಿಡಿ: ಬ್ಯಾಟರಿ ತೆಗೆದರೆ ಹಲವು ಗಾಡಿಗಳಲ್ಲಿ ಕಲಿತ ಟ್ರಿಮ್ ಅಳಿಸಿ ಹೋಗುತ್ತದೆ. ಅದು ಮತ್ತೆ ಕಲಿಯುವವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ.