ಹೋಳಿಗೆ ಡಬ್ಬಿಗೆ ಲವಂಗದ ಹಾಳೆ: ಶ್ರಾವಣ ಪೂರ್ತಿ ಬಳಸಿ ನೋಡಿದೆ

ಬೂಷ್ಟು ಹಿಡಿಯದಂತೆ ತಡೆಯುವ ಹಾಳೆ ಅಂತ ಆನ್‌ಲೈನ್‌ನಲ್ಲಿ ಸಿಗುತ್ತದಲ್ಲ, ಲವಂಗ ಮತ್ತು ದಾಲ್ಚಿನ್ನಿ ಎಣ್ಣೆ ಹಚ್ಚಿದ್ದು, ಅದನ್ನು ತರಿಸಿದೆ. 10 ಹಾಳೆಗೆ 190 ರೂಪಾಯಿ. ಕಲಬುರಗಿ ಬೇಸಿಗೆಯಲ್ಲಿ ಇದರ ಅಗತ್ಯವೇ ಇಲ್ಲ, ಎಲ್ಲ ತಾನಾಗಿ ಒಣಗುತ್ತದೆ. ಮಳೆ ಶುರುವಾದರೆ ಮಾತ್ರ ಹೂರಣದ ಹೋಳಿಗೆ ಎರಡು ಮೂರು ದಿನಕ್ಕೇ ಕೆಡುತ್ತದೆ.

ಮೊದಲು ಬ್ರೆಡ್ಡಿನಲ್ಲಿ ನೋಡಿದೆ. ಒಂದೇ ಪ್ಯಾಕೆಟ್ಟಿನದು, ಎರಡು ಸ್ಟೀಲ್ ಡಬ್ಬಿ, ಒಂದರ ಮುಚ್ಚಳದೊಳಗೆ ಹಾಳೆ. ಹಾಳೆ ಇಲ್ಲದ್ದಕ್ಕೆ ನಾಲ್ಕನೇ ದಿನ ಹಸಿರು ಚುಕ್ಕೆ ಬಂತು, ಇನ್ನೊಂದು ಏಳನೇ ದಿನದವರೆಗೂ ಚೆನ್ನಾಗಿತ್ತು. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್ ಅನ್ನುವ ವಾಸನೆಯ ಅಂಶಗಳು ಆವಿಯಾಗಿ ಡಬ್ಬಿ ತುಂಬ ಹರಡುತ್ತವೆ, ಬೂಷ್ಟಿನ ಜೀವಕೋಶದ ಪೊರೆಯನ್ನು ಕೆಡಿಸುತ್ತವೆ, ಹಾಗಾಗಿ ಹಾಳೆ ತಿನಿಸಿಗೆ ತಾಗಲೇಬೇಕು ಅಂತಿಲ್ಲ. ಆದರೆ ಮಕ್ಕಳು ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದರೆ ಆ ಆವಿ ಹೊರಗೆ ಹೋಗುತ್ತದೆ. ಆಮೇಲೆ ಹಾಳೆ ಇಟ್ಟ ನಮ್ಮ ಇನ್ನೊಂದು ಡಬ್ಬಿಗೆ ಆಗಿದ್ದು ಅದೇ.

ಹೋಳಿಗೆಗೆ ತುಂಬ ಚೆನ್ನಾಗಿ ಹೊಂದಿತು. ಏಲಕ್ಕಿ ಜೊತೆ ಲವಂಗದ ವಾಸನೆ ಬೆರೆತಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೆತ್ತನೆ ಜೋಳದ ರೊಟ್ಟಿಗೆ ಮಾತ್ರ ಬೇಡವೇ ಬೇಡ. ನಮ್ಮ ಅತ್ತೆ ಒಂದು ತುತ್ತು ತಿಂದು, "ಇದೇನವಾ, ರೊಟ್ಟಿ ಪಲಾವ್ ವಾಸನಿ ಹೊಡೀತದಲ್ಲಾ" ಅಂತ ತಟ್ಟೆ ಸರಿಸಿದರು.

ಪಲ್ಯ, ಸಾರು, ಅನ್ನದ ಡಬ್ಬಿಗೆ ಇದನ್ನು ನಂಬಬೇಡಿ. ಬೂಷ್ಟು ಕಾಣಲಿಲ್ಲ ಅಂದರೆ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ. ಅವು ಫ್ರಿಜ್ಜಿಗೇ ಹೋಗಬೇಕು.

ನನಗೆ ನಿಜವಾಗಿ ಬೇಜಾರಾಗಿದ್ದು ಪ್ಯಾಕೆಟ್ ನೋಡಿ. ಜಾಹೀರಾತಿನಲ್ಲಿ ಲವಂಗ, ದಾಲ್ಚಿನ್ನಿ ಅಂತ ದೊಡ್ಡದಾಗಿ ಹೇಳಿ, ಪ್ಯಾಕೆಟ್ ಮೇಲೆ ಸುಮ್ನೆ "ನೈಸರ್ಗಿಕ ಎಣ್ಣೆಗಳು" ಅಂತ ಹಾಕಿದ್ದಾರೆ. ಎಷ್ಟು ಹಾಕಿದ್ದಾರೆ, ತಿನಿಸಿಗೆ ತಾಗಿದರೆ ಪರವಾಗಿಲ್ಲವಾ, ಏನೂ ಇಲ್ಲ. ದಾಲ್ಚಿನ್ನಿ ಎಣ್ಣೆ ಕೆಲವರಿಗೆ ಅಲರ್ಜಿ ಮಾಡುತ್ತದೆ, ತಿಳಿಸಬೇಕಲ್ವಾ? ಕೆಲವು ಚೀಸ್ ಪ್ಯಾಕೆಟ್ ಮೇಲೆ 234 ಅಂತ ಇರುತ್ತದೆ. ಅದು ತಿನಿಸು ಕೆಡದಂತೆ ಹಾಕುವ ನೈಸಿನ್ ಅನ್ನುವ ವಸ್ತುವಿನ ನಂಬರ್, ಹಾಲು ಹುಳಿ ಮಾಡುವ ಜಾತಿಯ ಬ್ಯಾಕ್ಟೀರಿಯಾದಿಂದಲೇ ಬರುವಂಥದ್ದು. ಅದೂ ನೈಸರ್ಗಿಕವೇ, ಆದರೂ ನಂಬರ್ ಹಾಕಿಯೇ ಮಾರುತ್ತಾರೆ.

ದೀಪಾವಳಿ ಹೋಳಿಗೆಗೆ ಇನ್ನೊಂದು ಪ್ಯಾಕೆಟ್ ತರಿಸುತ್ತೇನೆ. ಅಜವಾನದಲ್ಲಿರುವ ಥೈಮಾಲ್ ಕೂಡ ಬೂಷ್ಟು ತಡೆಯುತ್ತದೆ. ಯಾರಾದರೂ ಅದರ ಹಾಳೆ ಮಾಡಿದರೆ ಚಪಾತಿ ಡಬ್ಬಿಗೂ ಇಡಬಹುದು, ಆ ವಾಸನೆಗೆ ಅತ್ತೆ ಬೇಡ ಅನ್ನುವುದಿಲ್ಲ.